ದೇಶದ ಕರೆ, ಕ್ಲಬ್ಬಿನ ಸಂಬಳ: ಆಫ್ರಿಕಾದ ಆಟಗಾರ ಎದುರಿಸುವ ಜನವರಿ

2004ರ ನವೆಂಬರ್‌ನಲ್ಲಿ ಮೊರೊಕ್ಕೊ ಮತ್ತು ಬುರ್ಕಿನಾ ಫಾಸೊ ತಂಡಗಳ ನಡುವೆ ಒಂದು ಸೌಹಾರ್ದ ಪಂದ್ಯ ನಡೆಯಿತು. ಅದಕ್ಕೆ ಯಾವ ಕಪ್ಪಿನ ನಂಟೂ ಇರಲಿಲ್ಲ. ಮೊರೊಕ್ಕೊ ಪರ ಆಡಿದ ಮಿಡ್‌ಫೀಲ್ಡರ್ ಅಬ್ದೆಲ್‌ಮಜೀದ್ ಉಲ್ಮೆರ್ಸ್ ಅವರ ಪಾದದ ಗಂಟಿನ ಲಿಗಮೆಂಟ್ ಆ ಪಂದ್ಯದಲ್ಲಿ ಹರಿಯಿತು. ಸುಮಾರು ಎಂಟು ತಿಂಗಳು ಅವರು ಮೈದಾನಕ್ಕೆ ಇಳಿಯಲಾಗಲಿಲ್ಲ. ಫುಟ್‌ಬಾಲ್ ಹುಚ್ಚಿರುವವರಲ್ಲೂ ಹೆಚ್ಚಿನವರು ಈ ಹೆಸರನ್ನು ಕೇಳಿರಲಿಕ್ಕಿಲ್ಲ. ಆದರೆ ವಿಶ್ವಕಪ್ ಮುಗಿದಾಗಲೆಲ್ಲ ಕ್ಲಬ್ಬುಗಳ ಖಾತೆಗೆ ಇಂದು ಬಂದು ಬೀಳುವ ಕೋಟಿಗಟ್ಟಲೆ ಡಾಲರ್‌ಗಳ ಮೂಲವನ್ನು ಹುಡುಕುತ್ತಾ ಹೋದರೆ ಆ ಗಾಯವೇ ಎದುರಾಗುತ್ತದೆ.

ಫ್ರಾನ್ಸಿನಲ್ಲಿ ಹುಟ್ಟಿದ ಉಲ್ಮೆರ್ಸ್ ಆಗ ಬೆಲ್ಜಿಯಂನ ಶಾರ್ಲರುವಾ ಕ್ಲಬ್ಬಿನಲ್ಲಿದ್ದರು. ಅದು ದೊಡ್ಡ ಕ್ಲಬ್ ಅಲ್ಲ, ಆದರೆ ಆ ವರ್ಷ ಲೀಗ್‌ನಲ್ಲಿ ಚೆನ್ನಾಗಿಯೇ ಆಡುತ್ತಿತ್ತು. ಅಂದಿನ ಫಿಫಾ ನಿಯಮ ಕಠಿಣವಾಗಿತ್ತು: ದೇಶ ಕರೆದರೆ ಕ್ಲಬ್ ಆಟಗಾರನನ್ನು ಕಳುಹಿಸಲೇಬೇಕು, ಅದಕ್ಕೆ ಪರಿಹಾರವಿಲ್ಲ, ವಿಮೆಯ ಖರ್ಚೂ ಕ್ಲಬ್ಬಿನದೇ. ಕುಂಟುತ್ತಾ ಮರಳಿದ ಆಟಗಾರನಿಗೆ ಸಂಬಳ ಕೊಡುತ್ತಾ, ಅವರಿಲ್ಲದೆಯೇ ಆಡುತ್ತಾ ಶಾರ್ಲರುವಾ ಆ ಋತುವನ್ನು ಐದನೆಯ ಸ್ಥಾನದಲ್ಲಿ ಮುಗಿಸಿತು. ನಂತರ ಫಿಫಾ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿತು.

ಆಗ ಅದರ ಬೆನ್ನಿಗೆ ನಿಂತದ್ದು ಯುರೋಪಿನ ಶ್ರೀಮಂತ ಕ್ಲಬ್ಬುಗಳ ಕೂಟ ಜಿ-14. ಶಾರ್ಲರುವಾ ಅದರ ಸದಸ್ಯ ಕ್ಲಬ್ ಆಗಿರಲಿಲ್ಲ. ಆದರೂ ಈ ಮೊಕದ್ದಮೆ ದೊಡ್ಡ ಕ್ಲಬ್ಬುಗಳು ಬಹುಕಾಲದಿಂದ ಕಾಯುತ್ತಿದ್ದ ಅವಕಾಶವಾಗಿತ್ತು. 2006ರ ಮೇ ತಿಂಗಳಲ್ಲಿ ಶಾರ್ಲರುವಾದ ವಾಣಿಜ್ಯ ನ್ಯಾಯಾಲಯ ಪ್ರಕರಣವನ್ನು ಯುರೋಪಿಯನ್ ನ್ಯಾಯಾಲಯಕ್ಕೆ ಒಪ್ಪಿಸಿತು. ಅದೇ ನ್ಯಾಯಾಲಯ 1995ರಲ್ಲಿ, ಒಪ್ಪಂದ ಮುಗಿದ ಆಟಗಾರ ವರ್ಗಾವಣೆ ಶುಲ್ಕವಿಲ್ಲದೆ ಬೇರೆ ಕ್ಲಬ್ಬಿಗೆ ಹೋಗಬಹುದು ಎಂಬ ಬೋಸ್ಮನ್ ತೀರ್ಪು ಕೊಟ್ಟು ಆಟಗಾರರ ವರ್ಗಾವಣೆ ವ್ಯವಸ್ಥೆಯನ್ನೇ ಬುಡಮೇಲು ಮಾಡಿತ್ತು. ಅಂಥ ಇನ್ನೊಂದು ತೀರ್ಪು ಬಂದರೆ ರಾಷ್ಟ್ರೀಯ ತಂಡಗಳ ಅಡಿಪಾಯವೇ ಅಲುಗಾಡುತ್ತದೆ ಎಂಬುದು ಫಿಫಾಗೆ ಗೊತ್ತಿತ್ತು. 2008ರ ಆರಂಭದಲ್ಲಿ ರಾಜಿಯಾಯಿತು. ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲಾಯಿತು, ಜಿ-14 ವಿಸರ್ಜನೆಯಾಯಿತು, ಅದರ ಜಾಗದಲ್ಲಿ ಯುರೋಪಿಯನ್ ಕ್ಲಬ್ಬುಗಳ ಸಂಘ ಹುಟ್ಟಿತು.

ಹಣ ಹರಿಯಲು ತೊಡಗಿದ್ದು ಅಲ್ಲಿಂದ. 2010ರ ವಿಶ್ವಕಪ್‌ಗೆ ಆಟಗಾರರನ್ನು ಬಿಟ್ಟುಕೊಟ್ಟ ಕ್ಲಬ್ಬುಗಳಿಗೆ ಫಿಫಾ 4 ಕೋಟಿ ಡಾಲರ್ ಹಂಚಿತು. 2014ರಲ್ಲಿ ಅದು 7 ಕೋಟಿಯಾಯಿತು, 2018 ಮತ್ತು 2022ರಲ್ಲಿ 20.9 ಕೋಟಿಗೆ ಏರಿತು. 2026ರ ವಿಶ್ವಕಪ್‌ಗೆ 35.5 ಕೋಟಿ ಡಾಲರ್ ಘೋಷಣೆಯಾಗಿದೆ. ಇದರ ಜೊತೆಗೆ 2012ರಿಂದ ಫಿಫಾದ್ದೇ ವಿಮೆಯೂ ಇದೆ. ದೇಶಕ್ಕಾಗಿ ಆಡುವಾಗ ಗಾಯಗೊಂಡು 28 ದಿನಗಳಿಗಿಂತ ಹೆಚ್ಚು ಕಾಲ ಹೊರಗುಳಿದ ಆಟಗಾರನ ಸಂಬಳವನ್ನು, ವರ್ಷಕ್ಕೆ 75 ಲಕ್ಷ ಯೂರೊವರೆಗೆ, ಅದು ಕ್ಲಬ್ಬಿಗೆ ತುಂಬಿಕೊಡುತ್ತದೆ.

ನನ್ನನ್ನು ಕಾಡುವುದು ಈ ವ್ಯವಸ್ಥೆಯ ಒಂದು ಕೊರತೆ. ಇದು ಕ್ಲಬ್ಬಿನ ನಷ್ಟವನ್ನು ಅಳೆಯುತ್ತದೆ, ಆಟಗಾರನದನ್ನು ಅಳೆಯುವುದಿಲ್ಲ. ಗಾಯದಿಂದಲೋ ಗೈರುಹಾಜರಿಯಿಂದಲೋ ಅವನ ಜಾಗಕ್ಕೆ ಬೇರೊಬ್ಬ ಬಂದು ಗಟ್ಟಿಯಾಗಿ ಕುಳಿತರೆ, ಮುಂದಿನ ಒಪ್ಪಂದ ಸಣ್ಣದಾದರೆ, ಅದನ್ನು ತುಂಬಿಕೊಡುವವರು ಯಾರೂ ಇಲ್ಲ. ಮತ್ತು ಈ ಅಪಾಯ ಎಲ್ಲ ಖಂಡಗಳ ಆಟಗಾರರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಯುರೋಪಿನವನು ಯುರೋ ಕಪ್ ಆಡುವುದು ಲೀಗ್ ಮುಗಿದ ಬೇಸಿಗೆಯಲ್ಲಿ. ಆಫ್ರಿಕಾದವನಿಗೆ ತನ್ನ ಖಂಡದ ದೇಶಗಳ ಟೂರ್ನಿಯಾದ ಆಫ್ರಿಕಾ ಕಪ್‌ಗೆ ಕರೆ ಬರುವುದು ಲೀಗ್ ಕಾವೇರಿದ ಜನವರಿಯಲ್ಲಿ.

1957ರಲ್ಲಿ ಸುಡಾನ್‌ನ ಖಾರ್ಟೂಮ್‌ನಲ್ಲಿ ಮೊದಲ ಆಫ್ರಿಕಾ ಕಪ್ ನಡೆದಾಗ ಈ ಸಮಸ್ಯೆ ಇರಲಿಲ್ಲ. ಸುಡಾನ್, ಈಜಿಪ್ಟ್, ಇಥಿಯೋಪಿಯಾ ಎಂಬ ಮೂರೇ ತಂಡಗಳು ಆಡಿದವು. ವರ್ಣಭೇದ ನೀತಿಯ ಕಾರಣ ದಕ್ಷಿಣ ಆಫ್ರಿಕಾ ಹೊರಗುಳಿಯಬೇಕಾಯಿತು. ಮುಂದೆ ಖಂಡದ ಪ್ರತಿಭೆಗಳು ಫ್ರಾನ್ಸ್, ಬೆಲ್ಜಿಯಂ, ಇಟಲಿ, ಇಂಗ್ಲೆಂಡ್‌ಗಳತ್ತ ಹೋದಂತೆಲ್ಲ ಜಗಳವೂ ಬೆಳೆಯಿತು. 1996ರಿಂದ 2017ರವರೆಗೆ, ಫೆಬ್ರವರಿಯಲ್ಲಿ ನಡೆದ 1998ರದ್ದನ್ನು ಬಿಟ್ಟರೆ, ಪ್ರತಿ ಟೂರ್ನಿಯೂ ಜನವರಿಯಲ್ಲೇ ಆರಂಭವಾಯಿತು. ಇದನ್ನು ಹಟವೆಂದು ಕರೆಯುವವರು ಹವಾಮಾನವನ್ನು ಮರೆಯುತ್ತಾರೆ. ಜೂನ್, ಜುಲೈನಲ್ಲಿ ಪಶ್ಚಿಮ ಆಫ್ರಿಕಾದ ಹಲವೆಡೆ ಧಾರಾಕಾರ ಮಳೆ, ಉತ್ತರದಲ್ಲಿ ಉರಿ ಬಿಸಿಲು. ತಮ್ಮ ನೆಲದ ಋತುಮಾನಕ್ಕೆ ತಕ್ಕಂತೆ ಟೂರ್ನಿ ನಡೆಸುವುದಕ್ಕೆ ಇತರರು ಕ್ಷಮೆ ಕೇಳುವುದಿಲ್ಲ. ಆಫ್ರಿಕಾದವರು ಮಾತ್ರ ಯಾಕೆ ಕೇಳಬೇಕು?

1996ರ ಜನವರಿಯಲ್ಲಿ ಜಾರ್ಜ್ ವೇಯಾ ಎ.ಸಿ. ಮಿಲಾನ್‌ನ ಆಟಗಾರ. ಕೆಲವೇ ವಾರಗಳ ಹಿಂದೆ, ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಗೆದ್ದಿದ್ದ ಅವರು ಯುದ್ಧದಲ್ಲಿ ನುಚ್ಚುನೂರಾಗಿದ್ದ ಲೈಬೀರಿಯಾದ ಪರ ಆಡಲು ದಕ್ಷಿಣ ಆಫ್ರಿಕಾಕ್ಕೆ ಹೋದರು. ರಾಷ್ಟ್ರೀಯ ತಂಡದ ಖರ್ಚಿಗೆ ಸ್ವಂತ ಹಣವನ್ನೂ ಸುರಿಯುತ್ತಿದ್ದರು. ಆ ಖ್ಯಾತಿ ಇದ್ದವರಿಗೆ ಕ್ಲಬ್ ಜಾಗ ಕಾದಿರಿಸುತ್ತದೆ. ಬೆಂಚಿನಿಂದ ಈಗಷ್ಟೇ ಮೇಲೆದ್ದ ಇಪ್ಪತ್ತರ ಹುಡುಗನಿಗೆ ಆ ಭರವಸೆ ಇಲ್ಲ.

ಕರೆಯನ್ನು ನಿರಾಕರಿಸಿದರೂ ಕಷ್ಟವೇ. 2017ರ ಆಫ್ರಿಕಾ ಕಪ್‌ಗೆ ಕ್ಯಾಮರೂನ್ ಕರೆದಾಗ ಹಲವು ಆಟಗಾರರು ಬರುವುದಿಲ್ಲ ಎಂದರು. ಲಿವರ್‌ಪೂಲ್‌ನ ಜೋಯೆಲ್ ಮಟೀಪ್ ಅವರಲ್ಲೊಬ್ಬರು. ಕರೆಗೆ ಓಗೊಡದವನು ಆ ಅವಧಿಯಲ್ಲಿ ಕ್ಲಬ್ ಪರ ಆಡುವಂತಿಲ್ಲ ಎಂಬ ಫಿಫಾ ನಿಯಮಕ್ಕೆ ಹೆದರಿ ಲಿವರ್‌ಪೂಲ್ ಅವರನ್ನು ಹೊರಗೆ ಕೂರಿಸಿತು. ಅವರು ಆಡಬಹುದು ಎಂದು ಫಿಫಾ ಹೇಳುವಷ್ಟರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರಿನ ಪಂದ್ಯ ಮುಗಿದೇ ಹೋಗಿತ್ತು. ಅತ್ತ ಗ್ಯಾಬೊನ್‌ನಲ್ಲಿ, ಇವರೆಲ್ಲರೂ ಇಲ್ಲದ ಕ್ಯಾಮರೂನ್ ಫೈನಲ್‌ನಲ್ಲಿ ಈಜಿಪ್ಟನ್ನು 2-1ರಿಂದ ಸೋಲಿಸಿ ಕಪ್ ಎತ್ತಿತು.

ಅದೇ ವರ್ಷ ಆಫ್ರಿಕಾ ಫುಟ್‌ಬಾಲ್ ಒಕ್ಕೂಟ ಟೂರ್ನಿಯನ್ನು ಜೂನ್-ಜುಲೈಗೆ ಸರಿಸಲು ನಿರ್ಧರಿಸಿತು. 2019ರಲ್ಲಿ ಈಜಿಪ್ಟ್‌ನಲ್ಲಿ ಹಾಗೆಯೇ ನಡೆಯಿತು. ಕ್ಯಾಮರೂನ್ ಮತ್ತು ಐವರಿ ಕೋಸ್ಟ್ ಸರದಿ ಬಂದಾಗ ಟೂರ್ನಿ ಮತ್ತೆ ಜನವರಿಗೆ ಮರಳಿತು. 2022ರ ಆಗಸ್ಟ್‌ನಲ್ಲಿ ನಾಪೊಲಿ ಅಧ್ಯಕ್ಷ ಔರೇಲಿಯೊ ಡಿ ಲಾರೆಂಟಿಸ್, ಆಫ್ರಿಕಾ ಕಪ್ ಆಡುವುದಿಲ್ಲ ಎಂದು ಬರೆದುಕೊಡದ ಆಫ್ರಿಕನ್ನರನ್ನು ಇನ್ನು ಕೊಳ್ಳುವುದಿಲ್ಲ ಎಂದರು. ಆ ಋತುವಿನಲ್ಲೇ ನಾಪೊಲಿ 33 ವರ್ಷಗಳ ಬಳಿಕ ಇಟಲಿಯ ಲೀಗ್ ಗೆದ್ದಿತು. 26 ಗೋಲು ಹೊಡೆದು ಲೀಗ್‌ನ ಅಗ್ರ ಗೋಲುಗಾರನಾದವರು ನೈಜೀರಿಯಾದ ವಿಕ್ಟರ್ ಒಸಿಮೆನ್. ಮುಂದಿನ ಜನವರಿಯಲ್ಲಿ ಅವರು ದೇಶದ ಪರ ಆಫ್ರಿಕಾ ಕಪ್‌ಗೆ ಹೋದರು, ಫೈನಲ್‌ವರೆಗೂ ಆಡಿದರು. ಡಿ ಲಾರೆಂಟಿಸ್ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತೋಚುವುದಿಲ್ಲ.

ಅದೇ ಟೂರ್ನಿಯಲ್ಲಿ ಘಾನಾ ಎದುರು ಗಾಯಗೊಂಡ ಮೊಹಮದ್ ಸಲಾ ಚಿಕಿತ್ಸೆಗೆ ಲಿವರ್‌ಪೂಲ್‌ಗೆ ಮರಳಿದರು. ನಾಯಕನಾದವನು ತಂಡವನ್ನು ಬಿಟ್ಟು ಹೋದ ಎಂದು ಈಜಿಪ್ಟ್‌ನಲ್ಲಿ ಟೀಕೆಗಳು ಎದ್ದವು. ಅಷ್ಟು ವರ್ಷ ದೇಶಕ್ಕೆ ದುಡಿದವರ ನಿಷ್ಠೆಯನ್ನೂ ಜನ ಅನುಮಾನಿಸಿದ್ದು ಬೇಸರದ ಸಂಗತಿ.

ಮೊರೊಕ್ಕೊದಲ್ಲಿ ನಡೆದ ಟೂರ್ನಿ 2025ರ ಡಿಸೆಂಬರ್ 21ರಂದು ಆರಂಭವಾಯಿತು. ಬೇಸಿಗೆಯಲ್ಲಿ ಫಿಫಾದ ಹಿಗ್ಗಿಸಿದ ಕ್ಲಬ್ ವಿಶ್ವಕಪ್ ಬಂದು ಕುಳಿತಿದ್ದರಿಂದ ಆಫ್ರಿಕಾ ಜಾಗ ಬಿಟ್ಟುಕೊಡಬೇಕಾಯಿತು. ಆಟಗಾರರನ್ನು ಡಿಸೆಂಬರ್ 15ರವರೆಗೆ ಇಟ್ಟುಕೊಳ್ಳಲು ಕ್ಲಬ್ಬುಗಳಿಗೆ ಅನುಮತಿ ಸಿಕ್ಕಿತು, ತರಬೇತುದಾರರಿಗೆ ತಂಡ ಕಟ್ಟಲು ಸಿಕ್ಕಿದ್ದು ವಾರದಷ್ಟು ಸಮಯ. ಉದ್ಘಾಟನೆಯ ಹಿಂದಿನ ದಿನ ಒಕ್ಕೂಟದ ಅಧ್ಯಕ್ಷ ಪ್ಯಾಟ್ರಿಸ್ ಮೊಟ್ಸೆಪೆ ಇನ್ನೊಂದು ಘೋಷಣೆ ಮಾಡಿದರು: 2028ರಿಂದ ಆಫ್ರಿಕಾ ಕಪ್ ಎರಡು ವರ್ಷಕ್ಕಲ್ಲ, ನಾಲ್ಕು ವರ್ಷಕ್ಕೊಮ್ಮೆ. ಫಿಫಾ ಅಧ್ಯಕ್ಷ ಜಿಯಾನಿ ಇನ್ಫಾಂಟಿನೊ 2020ರಲ್ಲೇ ಇದನ್ನು ಸೂಚಿಸಿದ್ದರು. ಕೆನ್ಯಾ, ತಾಂಜಾನಿಯಾ, ಉಗಾಂಡಾ ಒಟ್ಟಾಗಿ ನಡೆಸುವ 2027ರ ಟೂರ್ನಿಯ ಬಳಿಕ, ಆಫ್ರಿಕಾದ ಆಟಗಾರನೊಬ್ಬನಿಗೆ ವೃತ್ತಿಜೀವನದಲ್ಲಿ ತನ್ನ ಖಂಡದ ಕಪ್ ಆಡಲು ಸಿಗುವ ಅವಕಾಶ ಅರ್ಧಕ್ಕೆ ಇಳಿಯುತ್ತದೆ.