ಸಿಲಿಂಡರಿನ ಟೇಪು ನಂಬಿ ನೀರಿಗೆ ಇಳಿಯಬೇಡಿ

ಆಕ್ಸಿಜನ್ ಅಳೆಯುವ ಮೀಟರುಗಳ ರಿಪೇರಿ, ಕ್ಯಾಲಿಬ್ರೇಷನ್ (ಅಂಕಿಯನ್ನು ಸರಿಯಾಗಿ ಕೂರಿಸುವುದು) ನಮ್ಮ ಕಸುಬು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ವರ್ಕ್‌ಶಾಪಿಗೆ ಬರುವವು ಹೆಚ್ಚಾಗಿ ಆಸ್ಪತ್ರೆಯ ಮೀಟರುಗಳೇ. ಮಳೆಗಾಲ ಮುಗಿದು ಮುರುಡೇಶ್ವರದಾಚೆಯ ನೇತ್ರಾಣಿಯಲ್ಲಿ ಡೈವಿಂಗ್ ಶುರುವಾಯಿತು ಅನ್ನುವಾಗ ಸ್ಕೂಬಾದವರ ಮೀಟರುಗಳೂ ಬರುತ್ತವೆ. ಎರಡರಲ್ಲೂ ಒಳಗಿನ ಸೆಲ್, ಅಂದರೆ ಆಕ್ಸಿಜನ್ ಗ್ರಹಿಸುವ ಭಾಗ, ಒಂದೇ ಜಾತಿಯದು. ಐಸಿಯುನಲ್ಲಿ ಆಕ್ಸಿಜನ್ ಹೆಚ್ಚುಕಮ್ಮಿಯಾದರೆ ಅಲಾರಾಂ ಕೂಗುತ್ತದೆ, ಸಿಸ್ಟರ್ ಓಡಿ ಬರುತ್ತಾರೆ. ಸಮುದ್ರದಡಿಯಲ್ಲಿ ಆ ಅನುಕೂಲ ಇಲ್ಲ.

ಮಾಮೂಲಿ ಗಾಳಿಯಲ್ಲಿ ಆಕ್ಸಿಜನ್ ಶೇ. 21ರಷ್ಟು. ನೈಟ್ರಾಕ್ಸ್, ಅಂದರೆ ಡೈವಿಂಗ್‌ಗೆಂದು ಆಕ್ಸಿಜನ್ ಹೆಚ್ಚಿಸಿದ ಗಾಳಿ, ತುಂಬಿದ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 32 ಅಥವಾ 36. ನೈಟ್ರೋಜನ್ ಕಡಿಮೆ ಇರುವುದರಿಂದ ಮೈಗೆ ಸೇರುವುದೂ ಕಡಿಮೆ, ಅದೇ ಆಳದಲ್ಲಿ ಇನ್ನಷ್ಟು ಹೊತ್ತು ಇರಬಹುದು. ಲಾಭ ಅಷ್ಟೇ. ಇನ್ನೂ ಆಳಕ್ಕೆ ಹೋಗಬಹುದು ಅಂದುಕೊಂಡವರು ಈಗಲೂ ಸಿಗುತ್ತಾರೆ. ವಿಷಯ ಪೂರ್ತಿ ಉಲ್ಟಾ. ಒತ್ತಡದಲ್ಲಿ ಆಕ್ಸಿಜನ್ನೇ ವಿಷವಾಗುತ್ತದೆ ಎಂದು ಫ್ರಾನ್ಸಿನ ಪಾಲ್ ಬೆರ್ಟ್ 1878ರಲ್ಲೇ ತೋರಿಸಿದ್ದರು. ಉಸಿರಾಡುವ ಗಾಳಿಯಲ್ಲಿ ಆಕ್ಸಿಜನ್ನಿನ ಪಾಲಿನ ಒತ್ತಡ 1.4 ಬಾರ್ ದಾಟಬಾರದು ಎಂಬುದು ಹವ್ಯಾಸಿ ಡೈವರುಗಳು ಪಾಲಿಸುವ ಮಿತಿ. ಆಳಕ್ಕಿಳಿದಂತೆ ಒತ್ತಡ ಏರುವುದರಿಂದ, ಆ ಲೆಕ್ಕದಲ್ಲಿ ಇಳಿಯಬಹುದಾದ ಆಳದ ಮಿತಿ ಶೇ. 32ಕ್ಕೆ 33 ಮೀಟರ್, ಶೇ. 36ಕ್ಕೆ 28 ಮೀಟರ್. ಕೆಆರ್‌ಎಸ್ ತುಂಬಿತು, 124.80 ಅಡಿ ಎಂದು ಪೇಪರಿನಲ್ಲಿ ಓದುತ್ತೇವಲ್ಲ, ಆ ಅಳತೆಯಲ್ಲಿ ಹೇಳುವುದಾದರೆ ಮೊದಲನೆಯದು 108 ಅಡಿ, ಎರಡನೆಯದು 92 ಅಡಿ. ಸಿಲಿಂಡರಿಗೆ ಅಂಟಿಸಿದ ಟೇಪಿನ ಮೇಲೆ 32 ಅಂತ ಬರೆದು ಒಳಗೆ 40 ಇದ್ದರೆ 33 ಮೀಟರಿನಲ್ಲಿ ಆಕ್ಸಿಜನ್ನಿನ ಒತ್ತಡ 1.7 ಬಾರ್ ಆಗುತ್ತದೆ. ಆಗ ಬರಬಹುದಾದದ್ದು ಫಿಟ್ಸ್. ಮುನ್ಸೂಚನೆ ಸಿಕ್ಕೇ ಸಿಗುತ್ತದೆ ಅನ್ನುವಂತಿಲ್ಲ. ಬಾಯಲ್ಲಿದ್ದ ರೆಗ್ಯುಲೇಟರ್ (ಸಿಲಿಂಡರಿನಿಂದ ಉಸಿರಾಡುವ ಸಾಧನ) ಜಾರಿದರೆ ಮುಂದಿನದು ಮುಳುಗಡೆಯೇ.

ಅದಕ್ಕೇ ಪ್ರತಿ ಸಿಲಿಂಡರನ್ನೂ ಬಳಸುವವರೇ ಅಳೆಯಬೇಕು ಎಂಬ ನಿಯಮ. ಇದು ಕೋರ್ಸ್ ಮಾಡಿದವರಿಗೆಲ್ಲ ಗೊತ್ತು. ಬಹಳ ಜನಕ್ಕೆ ಗೊತ್ತಿಲ್ಲದ್ದು ಮೀಟರಿನ ಗುಣ. ಅದರೊಳಗಿನ ಸೆಲ್‌ಗೆ ಶೇಕಡಾವಾರು ಅಂದರೆ ಏನೂ ತಿಳಿಯದು. ಅದು ಗ್ರಹಿಸುವುದು ಆಕ್ಸಿಜನ್ನಿನ ಒತ್ತಡವನ್ನು, ಕೊಡುವುದು ಕೆಲವೇ ಮಿಲಿವೋಲ್ಟ್. "ಇಷ್ಟು ಮಿಲಿವೋಲ್ಟ್ ಅಂದರೆ 20.9" ಎಂದು ನಾವು ಹೇಳಿಕೊಟ್ಟಿದ್ದನ್ನೇ ಅದು ಒಪ್ಪಿಸುತ್ತದೆ.

ಮೈಸೂರು ಇರುವುದು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಎತ್ತರದಲ್ಲಿ. ಕಡಲ ದಂಡೆಯಲ್ಲಿ ಗಾಳಿಯ ಒತ್ತಡ 1013 ಮಿಲಿಬಾರ್ ಆಸುಪಾಸು ಇದ್ದರೆ ಇಲ್ಲಿ 925. ಇಲ್ಲಿ 20.9ಕ್ಕೆ ಕೂರಿಸಿದ ಮೀಟರನ್ನು ಹಾಗೇ ಬ್ಯಾಗಿಗೆ ಹಾಕಿಕೊಂಡು ಘಟ್ಟ ಇಳಿದರೆ ಅಲ್ಲಿ ಬರೀ ಗಾಳಿಯನ್ನೇ ಸುಮಾರು 23 ಅನ್ನುತ್ತದೆ, ಶೇ. 32ನ್ನು 35 ಅನ್ನುತ್ತದೆ. ಹೆಚ್ಚು ತೋರಿಸಿದರೆ ಆಳದ ಮಿತಿ ಕಡಿಮೆಯಾಗುತ್ತದೆ, ಒಳ್ಳೆಯದೇ ಅಲ್ಲವೇ ಎಂದು ಕೇಳುತ್ತಾರೆ. ಆದರೆ ಎಷ್ಟು ಹೊತ್ತು ಕೆಳಗಿರಬಹುದೆಂದು ಲೆಕ್ಕ ಹಾಕುವ ಡೈವ್ ಕಂಪ್ಯೂಟರಿಗೂ ಅದೇ 35 ಕೊಟ್ಟಿರುತ್ತೀರಿ. ಅದು ನೈಟ್ರೋಜನ್ ಶೇ. 65 ಅಂದುಕೊಂಡು ನಿಮಗೆ ಇರಬೇಕಾದ್ದಕ್ಕಿಂತ ಹೆಚ್ಚು ನಿಮಿಷ ಕೊಡುತ್ತದೆ, ಮೈಗೆ ನೈಟ್ರೋಜನ್ ಹೆಚ್ಚು ಸೇರುತ್ತದೆ. ಕಡಲ ದಂಡೆಯಲ್ಲಿ ಕೂರಿಸಿ ತಂದು ಇಲ್ಲಿ ಸಿಲಿಂಡರ್ ನೋಡಿದರಂತೂ ಇನ್ನೂ ಕೆಟ್ಟದ್ದು. 32ನ್ನು 29 ಅನ್ನುತ್ತದೆ, ಆ ಲೆಕ್ಕ ನಂಬಿದವರು 38 ಮೀಟರಿಗೆ ಇಳಿಯುತ್ತಾರೆ. ನಾವು ಕೊಡುವ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಸೆಲ್‌ನ ಆರೋಗ್ಯದ ಬಗ್ಗೆ ಮಾತ್ರ. ಸಿಲಿಂಡರ್ ಎಲ್ಲಿದೆಯೋ ಅಲ್ಲಿಯೇ, ಅಳೆಯುವ ಮುಂಚೆ, ಮತ್ತೆ ಕೂರಿಸಲೇಬೇಕು.

ಕರಾವಳಿಯಲ್ಲಿ ಇನ್ನೊಂದು ತರಲೆ ಉಂಟು, ತೇವ. ಸೆಕೆಗೆ ಬೆವರುವ ದಿನ ಅಲ್ಲಿಯ ಗಾಳಿಯಲ್ಲಿ ನೀರಾವಿ ಸೇರಿ ಆಕ್ಸಿಜನ್ ನಿಜಕ್ಕೂ 20.2ರ ಹತ್ತಿರ ಇರುತ್ತದೆ. ಸಿಲಿಂಡರಿನ ಗಾಳಿ ಒಣಗಿದ್ದು. ಹಾಗಾಗಿ ಬಯಲ ಗಾಳಿಗಿಂತ, ಮಾಮೂಲಿ ಗಾಳಿ ತುಂಬಿದ ಸಿಲಿಂಡರಿನಿಂದಲೇ 20.9ಕ್ಕೆ ಕೂರಿಸುವುದು ಸರಿಯಾದ ಪದ್ಧತಿ.

"ಸಾರ್, ಗಾಳೀಲಿ ಕರೆಕ್ಟಾಗಿ 20.9 ಬರ್ತಿದೆಯಲ್ಲ, ಸೆಲ್ ಯಾಕೆ ಬದಲಾಯಿಸ್ಬೇಕು?" ಎಂದು ಕೇಳದ ಗಿರಾಕಿಯೇ ಇಲ್ಲ. ಹಳೇ ಸೆಲ್ ಗಾಳಿಯಲ್ಲಿ ಚೆನ್ನಾಗಿಯೇ ನಡೆದುಕೊಳ್ಳುತ್ತದೆ. ಶುದ್ಧ ಆಕ್ಸಿಜನ್ ಹಾಯಿಸಿದಾಗ ಬಣ್ಣ ಬಯಲಾಗುತ್ತದೆ, 100ಕ್ಕೆ ಏರಬೇಕಾದದ್ದು 80ರಲ್ಲೇ ಕುಂಟುತ್ತದೆ. ಇವು ಎರಡು ಮೂರು ವರ್ಷಕ್ಕೆ ಮುಗಿಯುವ ಸೆಲ್‌ಗಳು, ಬಳಸದೆ ಬೀರುವಿನಲ್ಲಿಟ್ಟರೂ ಸವೆಯುತ್ತವೆ.

ಅಳೆಯುವಾಗ ವಾಲ್ವನ್ನು ಕೂದಲೆಳೆಯಷ್ಟೇ ತಿರುಗಿಸಿ, ನಿಮಿಷಕ್ಕೆ ಒಂದೆರಡು ಲೀಟರ್ ಹರಿದರೆ ಸಾಕು. ಬುಸ್ಸೆಂದು ಬಿಟ್ಟರೆ ಸೆಲ್ ಮೇಲೆ ಒತ್ತಡ ಬಿದ್ದು ಅಂಕಿ ಸುಳ್ಳೇ ಏರುತ್ತದೆ. ಅಂಕಿ ಒಂದು ಕಡೆ ನಿಲ್ಲುವವರೆಗೆ ಕಾಯಿರಿ. 31.6, 31.8, 31.9 ಎಂದು ತೆವಳುತ್ತಿರುವಾಗಲೇ 32 ಅಂತ ಬರೆದುಬಿಡುವವರನ್ನು ನೋಡಿದ್ದೇನೆ. ನಿಂತ ಮೇಲೆ ಹಳೇ ಟೇಪು ಕಿತ್ತು ಹೊಸದರಲ್ಲಿ ಶೇಕಡಾವಾರು, ಆಳದ ಮಿತಿ, ತಾರೀಖು, ನಿಮ್ಮ ಸಹಿ. ದೋಣಿಯಲ್ಲಿ ಸಿಲಿಂಡರುಗಳು ಒಂದರ ಪಕ್ಕ ಒಂದು ಇರುತ್ತವೆ, ಬೇರೆಯವರ ಸಹಿಯದನ್ನು ಮುಟ್ಟಬಾರದು.

ಇಷ್ಟೆಲ್ಲ ಮಾಡಿದರೂ ಈ ಮೀಟರಿಗೆ ಕಾರ್ಬನ್ ಮಾನಾಕ್ಸೈಡ್ ಕಾಣುವುದಿಲ್ಲ. ನನಗಿರುವ ದೊಡ್ಡ ಚಿಂತೆ ಇದೇ, ಮಾಮೂಲಿ ಗಾಳಿಯ ಸಿಲಿಂಡರಿಗೂ ಇದು ಅಷ್ಟೇ ಅನ್ವಯ. ಕಂಪ್ರೆಸರ್ ಗಾಳಿ ಎಳೆಯುವ ಪೈಪಿನ ಹತ್ತಿರ ಇಂಜಿನ್ನಿನ ಹೊಗೆ ಸುಳಿದರೆ, ಅಥವಾ ಕಂಪ್ರೆಸರ್ ಕಾದು ಅದರ ಎಣ್ಣೆಯೇ ಸುಟ್ಟರೆ, ಅದು ಸಿಲಿಂಡರಿಗೆ ಸೇರುತ್ತದೆ. ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್ನಿಗಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಸಿಲಿಂಡರಿನ ಗಾಳಿಯಲ್ಲಿ ಇದರ ಮಿತಿ ಯುರೋಪಿನ ಮಾನದಂಡದಲ್ಲಿ 5 ಪಿಪಿಎಂ (ಹತ್ತು ಲಕ್ಷದಲ್ಲಿ 5 ಪಾಲು), ಅಮೆರಿಕದಲ್ಲಿ ಡೈವರುಗಳಿಗಿರುವ ಗ್ರೇಡ್ ಇ ಗಾಳಿಗೆ 10. ಈ 10 ಪಿಪಿಎಂ 30 ಮೀಟರ್ ಆಳದಲ್ಲಿ, ನೀರಿನ ಮೇಲೆ ಉಸಿರಾಡುವ 40 ಪಿಪಿಎಂಗೆ ಸಮ. ಇದಕ್ಕೆ ಬೇರೆಯದೇ ಮೀಟರ್ ಬೇಕು, ಅಂಗೈಯಲ್ಲಿ ಹಿಡಿಯುವಂಥವು ಸಿಗುತ್ತವೆ. ಅದಿಲ್ಲದಿದ್ದರೆ ಕಂಪ್ರೆಸರ್ ಇಟ್ಟಿರುವ ಕಡೆ ಒಂದು ಸುತ್ತು ಹಾಕಿ ಬನ್ನಿ. ಗಾಳಿ ಎಳೆಯುವ ಪೈಪಿನ ಬಾಯಿ ಎಲ್ಲಿದೆ, ಜನರೇಟರಿನ ಹೊಗೆ ಯಾವ ಕಡೆ ಹೋಗುತ್ತಿದೆ, ಫಿಲ್ಟರ್ ಯಾವಾಗ ಬದಲಾಯಿಸಿದರು ಎಂದು ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವರ ಹತ್ತಿರ ಗಾಳಿ ತುಂಬಿಸಬೇಡಿ. ಡೈವ್ ಮುಗಿಸಿ ಮೇಲೆ ಬಂದ ಮೇಲೆ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಕಡಲ ಅಲೆ ಆಗಿಬರಲಿಲ್ಲ ಅಂತ ತಳ್ಳಿಹಾಕದೆ ಡಾಕ್ಟರರಿಗೆ ತೋರಿಸಿ, ಸಿಲಿಂಡರಿನಲ್ಲಿ ಉಳಿದದ್ದನ್ನು ಖಾಲಿ ಮಾಡದೆ ವಾಲ್ವ್ ಮುಚ್ಚಿ ಪರೀಕ್ಷೆಗೆ ಕೊಡಿ.