ಸೋನಿಯಾ ನಿಯೆಟೊ: ಮಗುವಿನ ಮನೆಮಾತಿಗೆ ಶಾಲೆಯಲ್ಲಿ ಎಷ್ಟು ಜಾಗ?

ಶಾಲೆ ಮಗುವಿನ ಭಾಷೆ, ಸಂಸ್ಕೃತಿಗೆ ಎಷ್ಟು ಜಾಗ ಕೊಡುತ್ತದೆ ಅನ್ನುವುದಕ್ಕೆ ಅಮೆರಿಕದ ಶಿಕ್ಷಣ ತಜ್ಞೆ ನಿಯೆಟೊ ನಾಲ್ಕು ಹಂತ ಹೇಳಿದ್ದಾರೆ. ಬಹುಸಂಸ್ಕೃತಿ ಶಿಕ್ಷಣದ ಪಾಠದಲ್ಲಿ ಈ ಹಂತಗಳನ್ನು ನಾವು ಸುಮ್ನೆ ಉರು ಹೊಡೆಯುತ್ತೇವೆ. ಅವರು ಎಲ್ಲಿ ಪಾಠ ಮಾಡಿದರು ಅಂತ ಮೊದಲು ನೋಡಿದರೆ ಅವು ತಾವಾಗಿಯೇ ಅರ್ಥವಾಗುತ್ತವೆ.

ನಿಯೆಟೊ ಹುಟ್ಟಿ ಬೆಳೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಅಪ್ಪ, ಅಮ್ಮ ಪೋರ್ಟೊ ರಿಕೊದವರು. ಮನೆಯಲ್ಲಿ ಸ್ಪ್ಯಾನಿಷ್, ಶಾಲೆಯಲ್ಲಿ ಇಂಗ್ಲಿಷ್. 1966ರಲ್ಲಿ ಬ್ರೂಕ್ಲಿನ್‌ನಲ್ಲೇ ಟೀಚರ್ ಆದರು. 1968ರಲ್ಲಿ ಬ್ರಾಂಕ್ಸ್‌ನ ಪಿ.ಎಸ್. 25 ಶಾಲೆಗೆ ಹೋದರು. ಅಮೆರಿಕದ ಈಶಾನ್ಯ ಭಾಗದ ಮೊದಲ ದ್ವಿಭಾಷಾ ಶಾಲೆ ಅದು. ಅಲ್ಲಿನ ದ್ವಿಭಾಷಾ ಶಿಕ್ಷಣ ಕಾಯ್ದೆ ಬಂದದ್ದೂ ಅದೇ ವರ್ಷ. ಮುಂದೆ ಬ್ರೂಕ್ಲಿನ್ ಕಾಲೇಜು, ಆಮೇಲೆ ಆಮ್ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯ.

ದ್ವಿಭಾಷಾ ಶಾಲೆ ಅಂದರೆ ಎರಡು ಭಾಷಾ ಪೀರಿಯಡ್ ಇರುವ ಶಾಲೆ ಅಲ್ಲ. ಲೆಕ್ಕ, ವಿಜ್ಞಾನವನ್ನೂ ಮನೆಮಾತಲ್ಲಿ ಕಲಿಸುತ್ತಾರೆ, ಜೊತೆಗೆ ಇಂಗ್ಲಿಷ್ ಬೆಳೆಸುತ್ತಾರೆ. ಸ್ಪ್ಯಾನಿಷ್‌ನಲ್ಲಿ ಭಾಗಾಕಾರ ಕಲಿತ ಮಗು ಇಂಗ್ಲಿಷ್‌ನಲ್ಲಿ ಮತ್ತೆ ಭಾಗಾಕಾರ ಕಲಿಯಬೇಕಿಲ್ಲ, ಅಲ್ವಾ? ಪದಗಳು ಗೊತ್ತಾದರೆ ಸಾಕು. 1974ರ ಲಾವ್ ವರ್ಸಸ್ ನಿಕೋಲ್ಸ್ ತೀರ್ಪನ್ನೂ ಇಲ್ಲೇ ಸೇರಿಸಿ ಓದಿ. ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಮಕ್ಕಳ ಕೇಸು ಅದು. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಟೀಚರ್ ಕೊಟ್ಟ ಮಾತ್ರಕ್ಕೆ ಸಮಾನತೆ ಆಗಲ್ಲ ಎಂದಿತು ಸುಪ್ರೀಂ ಕೋರ್ಟ್.

ಈಗ ಹಂತಗಳು. ಉದಾಹರಣೆ ನನ್ನದು. ಹೊಸೆ ಎಂಬ ಹುಡುಗ ಕ್ಲಾಸಿಗೆ ಬರುತ್ತಾನೆ ಅಂದುಕೊಳ್ಳಿ.

ಸಹನೆ: ಸ್ಪ್ಯಾನಿಷ್ ಮಾತಾಡಿದರೆ ಯಾರೂ ಬೈಯಲ್ಲ. ಆದರೆ ಅದನ್ನು ಬೇಗ ಬಿಡಲಿ ಅಂತ ಕಾಯುತ್ತಾರೆ. ಹೆಸರನ್ನು 'ಜೋ' ಮಾಡಿರುತ್ತಾರೆ. ಸ್ವೀಕಾರ: ಒಂದೆರಡು ವರ್ಷ ದ್ವಿಭಾಷಾ ಕ್ಲಾಸು, ಮನೆಗೆ ಎರಡೂ ಭಾಷೆಯಲ್ಲಿ ಪತ್ರ. ಗೌರವ: ಅವನ ಸ್ಪ್ಯಾನಿಷ್ ಕೊನೆಯವರೆಗೂ ಉಳಿಯುತ್ತದೆ, ಬೆಳೆಯುತ್ತದೆ.

ನಾಲ್ಕನೆಯದೇ ಕಷ್ಟದ್ದು. ದೃಢೀಕರಣ (ಮಗುವಿನ ಭಾಷೆ, ಸಂಸ್ಕೃತಿಯನ್ನು ಎತ್ತಿ ಹಿಡಿಯುವುದು), ಒಗ್ಗಟ್ಟು, ವಿಮರ್ಶೆ ಮೂರೂ ಒಂದೇ ಹಂತ. ಇಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳೂ ಸ್ಪ್ಯಾನಿಷ್ ಕಲಿಯುತ್ತಾರೆ. ಜಗಳ ಬಂದರೆ ಮುಚ್ಚಿಡದೆ ಕೂತು ಮಾತಾಡುತ್ತಾರೆ. ಯಾರ ಸಂಸ್ಕೃತಿಯೂ ಪ್ರಶ್ನೆಗೆ ಹೊರತಲ್ಲ, ಹೊಸೆಯದೂ ಕೂಡ. 'ವಿಮರ್ಶೆ'ಯನ್ನು ನಾವು ಜಾಸ್ತಿ ಮರೆಯುತ್ತೇವೆ. ಅದನ್ನು ಬಿಟ್ಟರೆ ಬಹುಸಂಸ್ಕೃತಿ ಶಿಕ್ಷಣ ವರ್ಷಕ್ಕೊಮ್ಮೆ ವೇಷ ಹಾಕಿ ಕುಣಿಯುವ ಕಾರ್ಯಕ್ರಮವಾಗಿ ಮುಗಿಯುತ್ತದೆ. ನನ್ನ ಮಟ್ಟಿಗೆ ನಿಯೆಟೊ ಅವರ ದೊಡ್ಡ ಕೊಡುಗೆ ಈ ಒಂದು ಪದವೇ.

ಈ ಹಂತಗಳನ್ನು ಕಾನೂನಿನಲ್ಲೂ ಕಾಣಬಹುದು. ಅವರು ಪಾಠ ಮಾಡಿದ ಮ್ಯಾಸಚೂಸೆಟ್ಸ್‌ನಲ್ಲೇ 2002ರಲ್ಲಿ ಜನ ಮತ ಹಾಕಿ ದ್ವಿಭಾಷಾ ಕ್ಲಾಸುಗಳನ್ನು ಬಹುಪಾಲು ನಿಲ್ಲಿಸಿದರು, ಇಂಗ್ಲಿಷ್‌ನಲ್ಲೇ ಪಾಠ ಎಂದರು. 2017ರ ಹೊಸ ಕಾನೂನು ಶಾಲೆಗಳಿಗೆ ಆ ಆಯ್ಕೆಯನ್ನು ವಾಪಸ್ ಕೊಟ್ಟಿತು. ಇವೆರಡನ್ನೂ ಯಾವ ಹಂತಕ್ಕೆ ಸೇರಿಸುತ್ತೀರಿ ಅಂತ ಬರೆದು ನೋಡಿ.