ಒಂದು ಪ್ರಶ್ನೆ ಹೋಗಿಬರಲು ಎಷ್ಟು ಹೊತ್ತು ಬೇಕು?

ಹೊರದೇಶದ ಸಾಫ್ಟ್‌ವೇರ್ ಕೆಲಸದ ಸುದ್ದಿ ತೆಗೆದರೆ ಸಾಕು, ಒಂದು ಮಾತು ತಪ್ಪದೇ ಬರುತ್ತದೆ: ಅಮೆರಿಕದವರು ಮಲಗಿದಾಗ ನಾವು ಎದ್ದಿರುತ್ತೇವೆ, ಹಾಗಾಗಿ ಕೆಲಸ ಇಪ್ಪತ್ನಾಲ್ಕು ತಾಸೂ ನಡೆಯುತ್ತದೆ. ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜುಗಳ ಪ್ಲೇಸ್‌ಮೆಂಟ್ ಭಾಷಣದಲ್ಲೂ ಇದೇ, ವಿಜಯಪುರ, ಬಾಗಲಕೋಟೆಯಲ್ಲಿ ಹೊಸದಾಗಿ ಹತ್ತು ಜನರ ಕಂಪನಿ ಕಟ್ಟಲು ಹೊರಟವರ ಲೆಕ್ಕದಲ್ಲೂ ಇದೇ. ಕೇಳಬೇಕಾದ ಪ್ರಶ್ನೆಯೇ ಇಲ್ಲದ ಕೆಲಸಕ್ಕೆ ಈ ಮಾತು ನಿಜ. ಪ್ರೋಗ್ರಾಮಿಂಗ್‌ನಲ್ಲಿ ಅಂಥ ಕೆಲಸ ತೀರ ಕಡಿಮೆ.

ಲೆಕ್ಕ ಹಾಕಿಯೇ ನೋಡೋಣ. ಚಳಿಗಾಲದಲ್ಲಿ ನ್ಯೂಯಾರ್ಕ್ ನಮಗಿಂತ ಹತ್ತೂವರೆ ತಾಸು ಹಿಂದೆ. ಗುರುವಾರ ಮುಂಜಾನೆ 11ಕ್ಕೆ ಬೆಳಗಾವಿಯ ಆಫೀಸಿನಲ್ಲಿ ಒಬ್ಬಳಿಗೆ ಒಂದು ಅನುಮಾನ ಬಂತು, ನ್ಯೂಯಾರ್ಕಿನ ಕಂಪನಿಯವರಿಗೆ ಮೇಲ್ ಕಳಿಸಿದಳು. ಅಲ್ಲಿ ಆಗ ನಡುರಾತ್ರಿ 12:30. ಅವರು 9ಕ್ಕೆ ಆಫೀಸಿಗೆ ಬಂದು ಓದುವಾಗ ಇಲ್ಲಿ ಸಂಜೆ 7:30, ಇವಳು ಮನೆ ಸೇರಿದ್ದಾಳೆ. ಅವರು ಉತ್ತರ ಕೊಡುವ ಬದಲು ‘ಯಾವ ಗ್ರಾಹಕರ ವಿಷಯ?’ ಎಂದು ತಿರುಗಿ ಕೇಳಿದರು. ಶುಕ್ರವಾರ ಮುಂಜಾನೆ ಇವಳು ಅದಕ್ಕೆ ಬರೆದಳು. ನಿಜವಾದ ಉತ್ತರ ಬಂದದ್ದು ಶುಕ್ರವಾರ ರಾತ್ರಿ, ಇವಳು ಅದನ್ನು ಓದಿದ್ದು ಸೋಮವಾರ ಮುಂಜಾನೆ. ಎದುರುಬದುರು ಕೂತಿದ್ದರೆ ನಾಲ್ಕು ನಿಮಿಷದ ಮಾತು, ಹೆಚ್ಚುಕಡಿಮೆ ನಾಲ್ಕು ದಿನ ತಿಂದಿತು. ಸಂಬಳದ ವ್ಯತ್ಯಾಸದಿಂದ ಬರುವ ಉಳಿತಾಯ ಕರಗಿಹೋಗುವುದು ಇಲ್ಲಿಯೇ. ಗಂಟೆಗೆ ಎಷ್ಟು ಡಾಲರ್ ಎಂದು ಜಗ್ಗಾಡುವವರು ಒಂದು ಪ್ರಶ್ನೆ ಎಷ್ಟು ಸಲ ಹೋಗಿಬರುತ್ತದೆ ಎಂದು ಎಣಿಸುವುದಿಲ್ಲ.

ನನಗೆ ಬಹಳ ಹಿಡಿಸಿದ ಸಂಗತಿ ಏನೆಂದರೆ, ಮನುಷ್ಯರ ನಡುವಿನ ಈ ಲೆಕ್ಕ ಯಂತ್ರಗಳ ನಡುವೆಯೂ ಚಾಚೂತಪ್ಪದೆ ನಡೆಯುತ್ತದೆ. ಅಲ್ಲಿ ದಿನಗಳಿದ್ದ ಜಾಗದಲ್ಲಿ ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದ ಒಂದು ಪಾಲು, ಅಷ್ಟೇ.

ಇಂಟರ್‌ನೆಟ್ ಕೇಬಲ್ಲಿನಲ್ಲಿ ಮಾಹಿತಿ ಹೊರುವ ಬೆಳಕು ಗಾಜಿನ ಎಳೆಯಲ್ಲಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ನಿರ್ವಾತದಲ್ಲಿನ ವೇಗದ ಮೂರರಲ್ಲಿ ಎರಡು ಪಾಲು. ಬೆಳಗಾವಿಯಿಂದ ಅಮೆರಿಕದ ಪೂರ್ವ ಕರಾವಳಿಗೆ ನೇರ ಗೆರೆ ಎಳೆದರೂ ಸುಮಾರು 13,000 ಕಿ.ಮೀ. ಹೋಗಿಬರಲು 130 ಮಿಲಿಸೆಕೆಂಡ್ ಬೇಕೇಬೇಕು. ಯಾವ ಕಂಪನಿಯ ಯಾವ ಪ್ಲಾನ್ ಹಾಕಿಸಿದರೂ ಇದಕ್ಕಿಂತ ಕಡಿಮೆಯಾಗದು. ಕೇಬಲ್ ನೇರವಾಗಿಯೂ ಹೋಗುವುದಿಲ್ಲ. ಮುಂಬೈಗೆ ಹೋಗಿ, ಅರಬ್ಬಿ ಸಮುದ್ರ ಇಳಿದು, ಕೆಂಪು ಸಮುದ್ರ, ಈಜಿಪ್ಟ್, ಮೆಡಿಟರೇನಿಯನ್, ಯುರೋಪ್ ದಾಟಿ ಅಟ್ಲಾಂಟಿಕ್ ಹಾಯಬೇಕು. ಹಾಗಾಗಿ ಪಿಂಗ್ ಮಾಡಿದರೆ, ಅಂದರೆ ಸಣ್ಣ ಸಂದೇಶ ಕಳಿಸಿ ಅದು ಮರಳುವ ಹೊತ್ತು ಅಳೆದರೆ, 200 ಮಿಲಿಸೆಕೆಂಡ್ ದಾಟುವುದು ಮಾಮೂಲು. 2008ರ ಜನವರಿ ಕೊನೆಗೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಕೇಬಲ್‌ಗಳು ತುಂಡಾದಾಗ ಇಡೀ ಭಾರತದ ಇಂಟರ್‌ನೆಟ್ ಕುಂಟಿತು. ಅಂಥ ಹೊತ್ತಿನಲ್ಲಿ ಮಾಹಿತಿ ಸುತ್ತುಬಳಸಿ ಬರುತ್ತದೆ, ವಿಳಂಬ ಇನ್ನೂ ಏರುತ್ತದೆ.

ಈಗ ಒಂದು ಪ್ರೋಗ್ರಾಂ ನೋಡಿ. ಆರ್ಡರ್‌ಗಳ ಪಟ್ಟಿ ತೋರಿಸುವ ಒಂದು ಪುಟ. ಬರೆದವರು ಮೊದಲು ಆರ್ಡರ್‌ಗಳನ್ನು ತಂದು, ಆಮೇಲೆ ಪ್ರತಿ ಆರ್ಡರ್‌ಗೆ ಮಾಹಿತಿ ಕೂಡಿಟ್ಟ ಡೇಟಾಬೇಸಿಗೆ ಒಂದೊಂದು ಕ್ವೆರಿ (ಪ್ರಶ್ನೆ) ಹಾಕಿ ಗ್ರಾಹಕರ ಹೆಸರು ತರುತ್ತಾರೆ. ಒಟ್ಟು 80 ಕ್ವೆರಿ. ಡೇಟಾಬೇಸ್ ಪಕ್ಕದ ಮಷೀನಿನಲ್ಲಿದ್ದರೆ ಒಂದಕ್ಕೆ ಅರ್ಧ ಮಿಲಿಸೆಕೆಂಡ್, ಎಲ್ಲ ಸೇರಿ 40 ಮಿಲಿಸೆಕೆಂಡ್. ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದೇ ಡೇಟಾಬೇಸ್ ಅಮೆರಿಕದ ಪೂರ್ವ ಕರಾವಳಿಯ ವರ್ಜೀನಿಯಾದಲ್ಲಿದ್ದು ಪ್ರೋಗ್ರಾಂ ಬೆಳಗಾವಿಯ ಲ್ಯಾಪ್‌ಟಾಪಿನಲ್ಲಿ ಓಡಿದರೆ 80 ಸಲ 230 ಮಿಲಿಸೆಕೆಂಡ್, ಅಂದರೆ 18 ಸೆಕೆಂಡಿಗೂ ಮಿಗಿಲು. ‘ಸರ್ವರ್ ಭಾಳ ಸ್ಲೋ ಐತಿ’ ಎಂದು ದೂರು ಹೋಗುತ್ತದೆ. 100 ಎಂಬಿಪಿಎಸ್ ಲೈನ್ ತೆಗೆದು 300ರದ್ದು ಹಾಕಿಸುತ್ತಾರೆ. ಪುಟ ಮತ್ತೆ 18 ಸೆಕೆಂಡೇ ತೆಗೆದುಕೊಳ್ಳುತ್ತದೆ, ಏಕೆಂದರೆ ಲೈನು ಅಗಲವಾಯಿತೇ ಹೊರತು ಉದ್ದ ಕಡಿಮೆಯಾಗಲಿಲ್ಲ. ಮದ್ದು ಬೇರೆ ಇದೆ: 80 ಪ್ರಶ್ನೆಗಳನ್ನು ಎರಡೂ ಪಟ್ಟಿಗಳನ್ನು ಜೋಡಿಸುವ ಒಂದೇ ಜಾಯಿನ್ ಕ್ವೆರಿಯಲ್ಲಿ ಕೇಳಬೇಕು, ಅಥವಾ ಹೆಸರು, ವಿಳಾಸ ಅಳಿಸಿದ ಸಣ್ಣ ನಕಲು ಡೇಟಾಬೇಸ್ ಇಲ್ಲಿಯೇ ಇಟ್ಟುಕೊಳ್ಳಬೇಕು, ಅದಕ್ಕೂ ಒಪ್ಪಿಗೆ ಸಿಗದಿದ್ದರೆ ಪ್ರೋಗ್ರಾಮನ್ನು ಅವರ ಕಡೆಯ ಮಷೀನಿನಲ್ಲಿಯೇ ಓಡಿಸಿ, ಪರದೆಯನ್ನು ಮಾತ್ರ ಇಲ್ಲಿಗೆ ತಂದುಕೊಳ್ಳಬೇಕು. ಸುಮ್ಮನೆ ಒಂದು ಸುರಕ್ಷಿತ ಸಂಪರ್ಕ ತೆರೆಯಲೂ ಇದೇ ಖರ್ಚು ಬೀಳುತ್ತದೆ. ಎರಡು ಯಂತ್ರಗಳು ಸಂಪರ್ಕ ಹಿಡಿಯುವ ಟಿಸಿಪಿ ಕೈಕುಲುಕಿಗೆ ಒಂದು ಸುತ್ತು (ಒಂದು ಸಲ ಹೋಗಿಬರುವುದು), ಮಾತನ್ನು ಗುಟ್ಟಾಗಿಡುವ ಹಳೆಯ ಟಿಎಲ್ಎಸ್ 1.2ಕ್ಕೆ ಎರಡು, ಆಮೇಲೆ ವಿನಂತಿಗೆ ಒಂದು: ಮೊದಲ ಅಕ್ಷರ ಬರುವುದರೊಳಗೆ 900 ಮಿಲಿಸೆಕೆಂಡ್ ದಾಟಿರುತ್ತದೆ. 2018ರ ಟಿಎಲ್ಎಸ್ 1.3 ಇದರಲ್ಲಿ ಒಂದು ಸುತ್ತು ಉಳಿಸಿತು. ಜಗತ್ತಿನ ಬುದ್ಧಿವಂತರು ಸೇರಿ ವರ್ಷಗಟ್ಟಲೆ ದುಡಿದು ಉಳಿಸಿದ್ದು ಒಂದು ಸುತ್ತು! ಅಷ್ಟು ಬೆಲೆ ಅದಕ್ಕೆ.

ಹಿಂದೆ ಇದು ಇನ್ನೂ ಕಷ್ಟವಿತ್ತು. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದಾಗ ಹೊರದೇಶಕ್ಕಿದ್ದ ದಾರಿ ಉಪಗ್ರಹ. ಅದಕ್ಕೂ ಮುಂಚೆ ಪ್ರೋಗ್ರಾಮುಗಳು ಟೇಪಿನಲ್ಲಿ ವಿಮಾನ ಹತ್ತುತ್ತಿದ್ದವು, ಇಲ್ಲವೇ ಪ್ರೋಗ್ರಾಮರೇ ಹತ್ತುತ್ತಿದ್ದರು. 1991ರಲ್ಲಿ ಸಾಫ್ಟ್‌ವೇರ್ ರಫ್ತಿಗೆಂದು ಕೇಂದ್ರ ಸರ್ಕಾರ ಸ್ಥಾಪಿಸಿದ ಸಂಸ್ಥೆ ಎಸ್‌ಟಿಪಿಐ ಉಪಗ್ರಹದ ಜೊತೆ ಮಾತಾಡುವ ಭೂಕೇಂದ್ರಗಳನ್ನು ನೆಟ್ಟು 64 ಕೆಬಿಪಿಎಸ್ ಲೈನುಗಳನ್ನು ಬಾಡಿಗೆಗೆ ಕೊಟ್ಟಿತು. ಆ ಲೈನಿನಲ್ಲಿ ಒಂದು ಎಂಬಿ ಕಳಿಸಲು ಎರಡು ನಿಮಿಷಕ್ಕೂ ಹೆಚ್ಚು. ಭೂಸ್ಥಿರ ಉಪಗ್ರಹ 35,786 ಕಿ.ಮೀ. ಎತ್ತರದಲ್ಲಿರುವುದರಿಂದ ಪ್ರಶ್ನೆ ಮೇಲೆ ಹತ್ತಿ ಇಳಿದು, ಉತ್ತರ ಮತ್ತೆ ಹತ್ತಿ ಇಳಿಯಲು ಅರ್ಧ ಸೆಕೆಂಡ್ ಹಿಡಿಯುತ್ತಿತ್ತು. ಅಲ್ಲಿಂದ ಇಲ್ಲಿಯತನಕ ಲೈನಿನ ಅಗಲ ಸಾವಿರಾರು ಪಟ್ಟು ಬೆಳೆದಿದೆ. ವಿಳಂಬ ಮಾತ್ರ ಅರ್ಧಕ್ಕೆ ಇಳಿದು ನಿಂತುಬಿಟ್ಟಿದೆ. ಬೆಳಕಿನ ವೇಗಕ್ಕೆ ಹೊಸ ಮಾಡೆಲ್ ಬರುವುದಿಲ್ಲ.

ಮನುಷ್ಯರ ಕಡೆಗೂ ಯಂತ್ರದ ಮದ್ದೇ ನಡೆಯುತ್ತದೆ: ಒಂದು ಸುತ್ತಿನಲ್ಲಿ ಹೆಚ್ಚು ಹೊರಿಸಬೇಕು. ‘ಟ್ಯಾಕ್ಸ್ ಹೇಗೆ ಲೆಕ್ಕ ಹಾಕಬೇಕು?’ ಎಂದಷ್ಟೇ ಬರೆದರೆ ಮೂರು ಸುತ್ತು ಗ್ಯಾರಂಟಿ. ಬರೆಯಬೇಕಾದ ರೀತಿ ಇದು: ‘ಟೆಕ್ಸಾಸ್ ಅಂಗಡಿಯ ಬಿಲ್. ಮಾರಾಟ ತೆರಿಗೆ 8.25%. ತಲಾ 99 ಸೆಂಟಿನ ಮೂರು ಸಾಮಾನು. ಅ: ಪ್ರತಿ ಸಾಲಿನ ತೆರಿಗೆಯನ್ನು ಪೂರ್ಣ ಸೆಂಟಿಗೆ ತಂದು ಕೂಡಿದರೆ 24 ಸೆಂಟ್. ಆ: ಒಟ್ಟು 2.97 ಡಾಲರಿಗೆ ಒಮ್ಮೆಲೇ ಹಾಕಿದರೆ 25 ಸೆಂಟ್. ನಿಮ್ಮ ಹಳೆಯ ಬಿಲ್ಲುಗಳಲ್ಲಿ “ಆ” ದಾರಿ ಕಾಣುತ್ತದೆ, ಹಾಗಾಗಿ “ಆ” ದಾರಿ ಹಿಡಿದು ಮುಂದುವರಿಯುತ್ತಿದ್ದೇವೆ. ಬದಲಿಸುವುದಿದ್ದರೆ “ಅ” ಎಂದು ಒಂದಕ್ಷರ ಬರೆಯಿರಿ; ಬದಲಿಸಲು ಅರ್ಧ ದಿನದ ಕೆಲಸ.’ ಇದರಲ್ಲಿ ಉದಾಹರಣೆ ಇದೆ, ಅಂಕಿ ಇದೆ, ಎರಡು ದಾರಿ ಇವೆ, ಉತ್ತರ ಬರುವ ತನಕ ಏನು ಮಾಡುತ್ತೇವೆ ಎಂಬುದಿದೆ, ತಪ್ಪಿದರೆ ಎಷ್ಟು ಖರ್ಚು ಎಂಬುದೂ ಇದೆ. ತಿರುಗಿ ಕೇಳಲು ಅವರಿಗೆ ಏನೂ ಉಳಿಯುವುದಿಲ್ಲ, ಇಲ್ಲಿಯ ಕೆಲಸವೂ ನಿಲ್ಲುವುದಿಲ್ಲ.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಎರಕ ಹೊಯ್ಯುವ ಫೌಂಡ್ರಿಯವರಿಗೆ ಇದನ್ನು ಕಲಿಸಬೇಕಾಗಿಲ್ಲ. ಡ್ರಾಯಿಂಗಿನಲ್ಲಿ ಮಷೀನಿಂಗ್‌ಗೆ ಎಷ್ಟು ದಪ್ಪ ಬಿಡಬೇಕು ಎಂಬುದು ಇಲ್ಲದಿದ್ದರೆ ಅವರು ಎರಕದ ಅಚ್ಚಿಗೆ ಬೇಕಾದ ಪ್ಯಾಟರ್ನ್ ಮಾಡುವ ಮುಂಚೆಯೇ ಪಾರ್ಟಿಗೆ ಫೋನ್ ಹಚ್ಚುತ್ತಾರೆ. ಕರಗಿಸಿ ಹೊಯ್ದ ಮೇಲೆ ಕೇಳಿ ಫಲವಿಲ್ಲ ಎಂದು ಅವರಿಗೆ ಗೊತ್ತು. ಪ್ರೋಗ್ರಾಮಿಂಗ್‌ನಲ್ಲಿ ಕಬ್ಬಿಣ ಕರಗಿಸುವ ಖರ್ಚಿಲ್ಲ. ಅದಕ್ಕೇ ಕೇಳದೇ ಶುರು ಮಾಡುವ ಚಟ ಬೆಳೆಯುತ್ತದೆ.

ಕೇಳದೇ ಉಳಿದ ಪ್ರಶ್ನೆಯ ಬೆಲೆ ಎಷ್ಟಾಗಬಹುದು ಎಂಬುದಕ್ಕೆ ಮಂಗಳ ಗ್ರಹದ ತನಕ ಹೋಗಬೇಕು. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ 1999ರ ಸೆಪ್ಟೆಂಬರ್ 23ರಂದು ನಾಶವಾಯಿತು. ಅದನ್ನು ಕಟ್ಟಿದ ಲಾಕ್‌ಹೀಡ್ ಮಾರ್ಟಿನ್‌ನ ಪ್ರೋಗ್ರಾಂ ರಾಕೆಟ್ ನೂಕಿನ ಲೆಕ್ಕವನ್ನು ಪೌಂಡ್-ಸೆಕೆಂಡಿನಲ್ಲಿ ಕೊಡುತ್ತಿತ್ತು, ಅದನ್ನು ಪಡೆದ ನಾಸಾದವರು ನ್ಯೂಟನ್-ಸೆಕೆಂಡ್ ಎಂದು ಓದಿಕೊಂಡರು. ವ್ಯತ್ಯಾಸ 4.45 ಪಟ್ಟು. ಎರಡೂ ತಂಡಗಳು ಒಂದೇ ದೇಶದವು, ಆಡುವ ಭಾಷೆಯೂ ಒಂದೇ. ಭಾರತದವರ ಇಂಗ್ಲಿಷ್ ಸರಿಯಿಲ್ಲದ್ದಕ್ಕೇ ಹೊರಗುತ್ತಿಗೆ ಕೆಡುತ್ತದೆ ಎನ್ನುವವರು ಈ ಘಟನೆಯನ್ನು ಗಮನಿಸಬೇಕು. 03/04 ಎಂಬ ತಾರೀಖು ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ವ್ಯಾಕರಣ ಎಷ್ಟು ಶುದ್ಧವಾಗಿದ್ದರೂ ಇದನ್ನು ಹಿಡಿಯಲಾಗದು. 2025-04-03 ಎಂದೇ ಬರೆಯಬೇಕು.

ಕೆಲಸ ಹಿಂದೆ ಬಿದ್ದಾಗ ಜನ ಸೇರಿಸುವುದು ಮತ್ತೊಂದು ರೂಢಿ. ಐಬಿಎಂನ ಸಿಸ್ಟಂ/360 ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಕಟ್ಟುವ ಕೆಲಸ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಹೇಳಿದರು: ತಡವಾದ ಕೆಲಸಕ್ಕೆ ಆಳು ಹಾಕಿದರೆ ಇನ್ನೂ ತಡವಾಗುತ್ತದೆ. ಐದು ಜನರ ನಡುವೆ ಮಾತಿನ ಜೋಡಿಗಳು 10. ಹದಿನೈದು ಜನರಾದರೆ 105. ಆಳು ಮೂರು ಪಟ್ಟು, ಮಾತು ಹತ್ತು ಪಟ್ಟು. ಅದರಲ್ಲಿ ಅರ್ಧ ಜೋಡಿಗಳು ಹತ್ತೂವರೆ ತಾಸಿನ ಆಚೆ ಇದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಗಡಿಯಾರದ ವಿಷಯ ಇನ್ನೂ ಸೂಕ್ಷ್ಮ. ಅಮೆರಿಕ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದೆ ಸರಿಸಿ, ನವೆಂಬರಿನ ಮೊದಲ ಭಾನುವಾರ ಹಿಂದೆ ತರುತ್ತದೆ. ಯುರೋಪಿನದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಮಾರ್ಚ್‌ನ ಆ ರಾತ್ರಿ ನ್ಯೂಯಾರ್ಕಿನಲ್ಲಿ 2:30 ಎಂಬ ಹೊತ್ತೇ ಇರುವುದಿಲ್ಲ. ನವೆಂಬರಿನಲ್ಲಿ 1:30 ಎರಡು ಸಲ ಬರುತ್ತದೆ. ರಾತ್ರಿ 2:30ಕ್ಕೆ ಓಡಬೇಕೆಂದು ಇಟ್ಟ ಲೆಕ್ಕಪತ್ರದ ಕೆಲಸ ಒಂದು ಸಲ ಓಡದೇ ಹೋಗಬಹುದು, 1:30ರದ್ದು ಎರಡು ಸಲ ಓಡಬಹುದು. ಸಮಯವನ್ನು ಇಡೀ ಜಗತ್ತಿಗೆ ಒಂದೇ ಆದ ಯುಟಿಸಿಯಲ್ಲಿ ಉಳಿಸಿ, ತೋರಿಸುವಾಗ ಮಾತ್ರ ಆಯಾ ಊರಿನ ವಲಯಕ್ಕೆ ತಿರುಗಿಸಬೇಕು. ಯುಟಿಸಿಗಿಂತ ನಾವು ಮುಂದಿರುವ ಐದೂವರೆ ತಾಸಿನ ಆ ಅರ್ಧವೂ ಕಾಟ ಕೊಡುತ್ತದೆ: ವಲಯದ ಅಂತರವನ್ನು ಪೂರ್ಣಾಂಕವಾಗಿ ಇಟ್ಟುಕೊಂಡ ಪ್ರೋಗ್ರಾಮಿನಲ್ಲಿ 5.5 ಹೋಗಿ 5 ಆಗಿ, ಭಾರತದ ಸಮಯವೆಲ್ಲ 30 ನಿಮಿಷ ತಪ್ಪುತ್ತದೆ.

ಇಷ್ಟೆಲ್ಲ ಕಾರಣಗಳು ಕಣ್ಣೆದುರಿಗಿದ್ದರೂ ಪ್ರೋಗ್ರಾಮಿನ ಹೊಸ ಆವೃತ್ತಿ ಬಿಡಲು ಪಂಚಾಂಗ ನೋಡುವವರಿದ್ದಾರೆ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ. ಶುಕ್ರವಾರ 10:30ರಿಂದ 12ರ ರಾಹುಕಾಲ ತಪ್ಪಿಸಿ, ಸಂಜೆ 6ಕ್ಕೆ ಬಿಟ್ಟು ಮನೆಗೆ ಹೋಗುತ್ತಾರೆ. ವಾರದಲ್ಲಿ ಇದಕ್ಕಿಂತ ಕೆಟ್ಟ ಹೊತ್ತು ಮತ್ತೊಂದಿಲ್ಲ. ಚಳಿಗಾಲವಾದರೆ ನ್ಯೂಯಾರ್ಕಿನಲ್ಲಿ ಆಗ ಶುಕ್ರವಾರ ಬೆಳಿಗ್ಗೆ 7:30. ಒಂದೂವರೆ ತಾಸಿನಲ್ಲಿ ಗ್ರಾಹಕರ ಕೆಲಸ ಶುರುವಾಗುತ್ತದೆ, ಸರಿಪಡಿಸಬಲ್ಲವರೆಲ್ಲ ಎರಡು ದಿನ ರಜೆಯಲ್ಲಿರುತ್ತಾರೆ. ಮಂಗಳವಾರ, ಬುಧವಾರ ಬಿಡಿ. ಹಿಂದಿನ ಆವೃತ್ತಿಗೆ ಮರಳುವ ಹೆಜ್ಜೆಗಳನ್ನು ಮೊದಲೇ ಬರೆದಿಟ್ಟು, ಒಮ್ಮೆ ಮಾಡಿ ನೋಡಿರಿ.

ಹತ್ತು ಜನರ ತಂಡಕ್ಕೆ ಎಲ್ಲರನ್ನೂ ರಾತ್ರಿ ಕೂರಿಸುವ ಅಗತ್ಯವೂ ಇಲ್ಲ. ಇಬ್ಬರು ಮಧ್ಯಾಹ್ನ 1:30ಕ್ಕೆ ಬಂದು ರಾತ್ರಿ 10:30ಕ್ಕೆ ಹೋದರೆ ನ್ಯೂಯಾರ್ಕಿನ ಜೊತೆ ಚಳಿಗಾಲದಲ್ಲಿ ಮೂರು ತಾಸು, ಬೇಸಿಗೆಯಲ್ಲಿ ನಾಲ್ಕು ತಾಸು ಸಿಗುತ್ತದೆ. ಹಗಲಿನವರ ಪ್ರಶ್ನೆಗಳೆಲ್ಲ ಸಂಜೆ 6ರೊಳಗೆ ಈ ಇಬ್ಬರ ಕೈ ಸೇರಬೇಕು. ವಾರಕ್ಕೊಮ್ಮೆ ಪಾಳಿ ಬದಲಾಗಲಿ, ರಾತ್ರಿ ಮನೆ ಮುಟ್ಟಿಸುವ ಗಾಡಿಯ ಖರ್ಚನ್ನು ದರದಲ್ಲೇ ಸೇರಿಸಿ. ಲಂಡನ್ ಗ್ರಾಹಕರಿದ್ದರೆ ಇದೂ ಬೇಡ. ಅವರ ಮುಂಜಾನೆ 9 ನಮ್ಮ ಮಧ್ಯಾಹ್ನ 1:30 ಅಥವಾ 2:30. ಕರಾರಿನಲ್ಲಿ ಒಂದು ಸಾಲು ಮಾತ್ರ ಮರೆಯಬೇಡಿ: ಪ್ರಶ್ನೆಗೆ ಒಂದು ಕೆಲಸದ ದಿನದೊಳಗೆ ಉತ್ತರ ಬರದಿದ್ದರೆ ನಾವು ಬರೆದ ಊಹೆಯೇ ಒಪ್ಪಿಗೆ, ಆಮೇಲಿನ ಬದಲಾವಣೆಗೆ ಬೇರೆ ಬಿಲ್. ನಿಗದಿತ ಮೊತ್ತದ ಕರಾರಿನಲ್ಲಿ ಈ ಸಾಲು ಇಲ್ಲದಿದ್ದರೆ ಗ್ರಾಹಕರು ಸುಮ್ಮನಿದ್ದ ದಿನಗಳ ಸಂಬಳವನ್ನೂ ನೀವೇ ಕೊಡುತ್ತೀರಿ.